ಆಮೆನ್ ಹೇಳುವ ಮೊದಲೇ

"ಬಾಗಿಲು ತೆಗೀತೀಯೋ, ಇಲ್ಲ ಒಡೀಲೋ?" ಎಂಬ ಮಾತು ಪಾಸ್ಟರ ನಾಲಿಗೆಯ ತುದಿಗೇ ಬಂದಿತ್ತು. ಪಕ್ಕದ ಬೀದಿಯ ಮನೆಗಳಿಗೆ ಬೆಂಕಿ ಬಿದ್ದು, ಜನ ಮಕ್ಕಳುಮರಿ ಸಮೇತ ಚರ್ಚಿನ ಅಂಗಳಕ್ಕೆ ಓಡಿಬಂದಿದ್ದರು. ಸಭೆಯ ಹಿರಿಯನಾದ ಬಡಗಿಯಣ್ಣ ಮಾತ್ರ ಪ್ರಾರ್ಥನಾ ಮಂದಿರದ ಬಾಗಿಲಿಗೆ ಅಡ್ಡ ನಿಂತಿದ್ದ. "ಮೊನ್ನೆ ತಾನೇ ನೆಲಕ್ಕೆ ಹಲಗೆ ಹಾಸಿದೀನಿ, ಪಾಸ್ಟ್ರೇ. ಇಷ್ಟು ಜನ ನುಗ್ಗಿದ್ರೆ ಎಲ್ಲ ಹಾಳು!"

ಪಾಸ್ಟರ್ ಹಲ್ಲು ಕಚ್ಚಿ, ಎಲ್ಲರೆದುರೇ ಮೊಣಕಾಲೂರಿದರು. ಬಡಗಿಯಣ್ಣನ ಮನಸ್ಸು ಕರಗಿಸು ಎಂದು ಬೇಡಲು ಹೊರಟವರ ಬಾಯಿಂದ ಬಂದದ್ದೇ ಬೇರೆ. "ಕರ್ತನೇ, ಮೊದಲು ನನ್ನ ಸಿಟ್ಟು ಇಳಿಸಪ್ಪಾ. ಈ ಅಣ್ಣ ಬೆವರು ಸುರಿಸಿ ನಿನ್ನ ಮನೆಗೆ ನೆಲ ಹಾಸಿದಾನೆ. ಚೆನ್ನಾಗಿದೆ ಅಂತ ಒಂದು ಮಾತೂ ನಾನು ಹೇಳಲಿಲ್ಲ..." ಅನ್ನುತ್ತಿದ್ದಂತೆ ಎದೆಯ ಕುದಿ ತಣ್ಣಗಾಯಿತು.

ಪಕ್ಕದಲ್ಲಿ ಧಪ್ಪೆಂದು ಸದ್ದಾಯಿತು. ಕಣ್ಣು ಬಿಟ್ಟರೆ, ಬಡಗಿಯಣ್ಣನೂ ಮೊಣಕಾಲೂರಿದ್ದಾನೆ! "ಕರ್ತನೇ..." ಎಂದು ಅವನು ಶುರುಮಾಡುವಷ್ಟರಲ್ಲೇ ಹೊಗೆ ಕುಡಿದ ಮಗುವೊಂದು ಕೆಮ್ಮಿತು. ಅವನು ದಡಬಡನೆ ಎದ್ದು, ಬೀಗ ತೆಗೆದು, ಎರಡೂ ಬಾಗಿಲು ದೂಡಿಬಿಟ್ಟ.

"ಪ್ರಾರ್ಥನೆ ಇನ್ನೂ ಮುಗೀಲಿಲ್ವಲ್ಲಣ್ಣಾ!" ಎಂದರು ಪಾಸ್ಟರ್, ಅಳುವೂ ನಗುವೂ ಒಟ್ಟಿಗೇ ಬಂದು.

"ನೀವು ಮುಗಿಸ್ತಿರಿ ಪಾಸ್ಟ್ರೇ, ನಾನು ಮಕ್ಕಳಿಗೆ ಹಾಸಿಗೆ ಹಾಸ್ತಿರ್ತೀನಿ!"