ಬೀರುವಿನೊಳಗೆ ಬೊಲ್ಲೆ

ಸೂರಿನ ರಾಟೆಯ ಹಗ್ಗದಲ್ಲಿ ತೂಗುತ್ತ ಮೂರನೇ ಮಹಡಿಯ ಹತ್ತಿರ ಬಂದಿದ್ದ ಮರದ ಬೀರುವಿನೊಳಗಿಂದ ಬೆಕ್ಕು ಬೊಲ್ಲೆ ಕೂಗಿತು. ಹೊಸ ಮನೆಯ ಕಿಟಕಿಯಲ್ಲಿ ಕೈಚಾಚಿ ನಿಂತಿದ್ದ ಫೆಮ್ಕೆ ಬೆಚ್ಚಿ ಹೊರಗೆ ಬಗ್ಗಿದಳು. ಆಮ್‌ಸ್ಟರ್‌ಡ್ಯಾಮಿನ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಬೀರು ಹತ್ತುವುದಿಲ್ಲ, ಕಿಟಕಿಯಿಂದಲೇ ಬರಬೇಕು. ಹಳೆಯ ಮನೆಯ ವಾಸನೆಯಿದ್ದರೆ ಬೊಲ್ಲೆಗೆ ಹೊಸದು ಒಗ್ಗೀತೆಂದು ಅದರ ಕಂಬಳಿಯನ್ನು ಒಗೆಯದೆ ಆ ಬೀರುವಿನಲ್ಲಿಟ್ಟವಳು ಅವಳೇ.

“ಯೋರಿಸ್, ನಿಲ್ಸು. ಬೊಲ್ಲೆ ಒಳಗಿದೆ.”

ಕೆಳಗೆ ಹಗ್ಗ ಎಳೆಯುತ್ತಿದ್ದ ಗಂಡ ಅದನ್ನು ಬಿಗಿಹಿಡಿದು ನಿಂತ. “ಬುಟ್ಟೀಲಿದೆ ಅಂದ್ಯಲ್ಲೇ, ಮಾರಾಯ್ತಿ.”

ಗಾಳಿಗೆ ಬೀರು ತಿರುಗಿ ಬಾಗಿಲು ಗೇಣಷ್ಟು ತೆರೆದುಕೊಂಡಿತು. ಬೂದು ಪಂಜವೊಂದು ಹೊರಬಂದು ಬರಿಗಾಳಿಯನ್ನು ತಡವಿತು. ಈಗ ಹೆಸರು ಹಿಡಿದು ಕರೆದರೆ ತನ್ನತ್ತ ನೆಗೆದೇಬಿಡುತ್ತದೆ. ಫೆಮ್ಕೆ ತುಟಿ ಕಚ್ಚಿಕೊಂಡು, ಎಳೆ ಎಂದು ಬರೀ ಕೈಸನ್ನೆ ಮಾಡಿದಳು. ಬೀರು ಇಂಚಿಂಚಾಗಿ ಮೇಲೇರಿತು. ಅವಳು ಅದನ್ನು ತಬ್ಬಿ ಒಳಗೆಳೆದುಕೊಂಡಳು.

ಯೋರಿಸ್ ಏದುಸಿರು ಬಿಡುತ್ತ ಮೇಲೆ ಓಡಿಬಂದಾಗ ಬೋಳು ಕೋಣೆಯಲ್ಲಿ ಯಾರೂ ಕಾಣಲಿಲ್ಲ. ಬೀರುವಿನ ಬಾಗಿಲು ಮುಚ್ಚಿತ್ತು.

“ಎಲ್ಲಿದೀಯೇ? ಸೋಫಾನ ಹಗ್ಗಕ್ಕೆ ಕಟ್ಲಾ?”

“ತಾಳು ಮಾರಾಯ.” ಬೀರುವಿನೊಳಗಿಂದ ಅವಳ ನಡುಗುವ ದನಿ ಬಂತು. “ಬೊಲ್ಲೆ, ನಾನು, ಇಬ್ರೂ ಇನ್ನೂ ಈ ಮನೆಗೆ ಬಂದಿಲ್ಲ.”