ಜಗಳಕ್ಕೆ ಮಣಿದ ಮಂಡಿ

"ಕಾರಿಗೆ ಬಾಗಿಲು ಇಟ್ಟಿರೋದೇ ತೆಗೆಯೋದಕ್ಕೆ ಕಣಪ್ಪ," ಎಂದರು ಪರದೆ ಬಟ್ಟೆ ಅಂಗಡಿಯ ಯಜಮಾನರು, ಪಕ್ಕದ ಮಂಚದ ಕಡೆ ತಿರುಗಿಯೂ ನೋಡದೆ.

"ತೆಗೀರಿ, ಬೇಡ ಅಂದೋರ್ಯಾರು? ಹಿಂದೆ ಯಾರಾದ್ರೂ ಬರ್ತಿದಾರಾ ಅಂತ ನೋಡಿ ತೆಗೀಬೇಕಲ್ವಾ?" ಎಂದ ಆ ಮಂಚದ ಮೇಲಿದ್ದ ನೋಂದಣಿ ಕಚೇರಿಯ ಗುಮಾಸ್ತ.

"ಎರಡು ಕಾರಿನ ಮಧ್ಯೆ ಬೆಕ್ಕು ಕೂಡ ಯೋಚನೆ ಮಾಡಿ ನುಗ್ಗೋ ಜಾಗ ಅದು. ಅಲ್ಲಿ ನೀನು ಬೈಕ್ ತೂರಿಸ್ಕೊಂಡು ಬರ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ?"

ಆ ಬಾಗಿಲೂ ಆ ಬೈಕೂ ಆಸ್ಪತ್ರೆಯ ಮುಂದಿನ ರಸ್ತೆಯಲ್ಲೇ ಭೇಟಿಯಾಗಿ ಎರಡು ತಿಂಗಳಾಗಿತ್ತು. ಬಾಗಿಲು ಹಿಡಿದಿದ್ದ ಯಜಮಾನರ ಮೊಣಕೈ ಮುರಿದಿತ್ತು, ಗುಮಾಸ್ತನ ಮಂಡಿಚಿಪ್ಪು ಒಡೆದಿತ್ತು. ಮೂಳೆಗಳೇನೋ ಕೂಡಿಕೊಂಡವು, ಕೀಲುಗಳು ಮಾತ್ರ ತುಕ್ಕು ಹಿಡಿದ ಕದದಂತೆ ಬಿಗಿದುಕೊಂಡಿದ್ದವು. ಹಾಗಾಗಿ ಇಬ್ಬರೂ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ, ಅಲ್ಲಿನ ಮೇಡಂ ಕೈಗೆ ಬಂದು ಬಿದ್ದಿದ್ದರು. ಬಗ್ಗದ ಕೈಕಾಲುಗಳನ್ನೆಲ್ಲ ಬಗ್ಗಿಸುವ ಆಕೆಗೆ ರೋಗಿಗಳು ಬೆನ್ನ ಹಿಂದೆ ಇಟ್ಟ ಹೆಸರು ಮಣಿಸಮ್ಮ. ಆ ಹೆಸರು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ಬೇಸರವಿದ್ದದ್ದು ಗುಮಾಸ್ತನ ಮಂಡಿಯ ಬಗ್ಗೆ. ಐವತ್ತು ಡಿಗ್ರಿಗೆ ಬಂದು ಅದು ಮುಷ್ಕರ ಹೂಡಿತ್ತು. ತಿಂಗಳ ಕೊನೆಯೊಳಗೆ ತೊಂಬತ್ತು ಮುಟ್ಟದಿದ್ದರೆ ಮತ್ತೆ ಆಪರೇಷನ್ ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ಕೈ ಇಡುವ ಮೊದಲೇ ಗುಮಾಸ್ತ ಕೋಣೆ ಹಾರಿಹೋಗುವಂತೆ ಕಿರುಚುತ್ತಿದ್ದ. ಆದರೆ ಅಂದು ಯಜಮಾನರಿಗೆ ಉತ್ತರ ಕೊಡುವ ಭರದಲ್ಲಿ ಅವನಿಗೆ ಕಾಲಿನ ನೆನಪೇ ಹೋಯಿತು. ಅವಳು ಸದ್ದಿಲ್ಲದೆ ಒತ್ತಿದಳು. ಅಳೆದು ನೋಡಿದರೆ ಅರವತ್ತೆರಡು.

ಮರುದಿನದಿಂದ ಅವಳು ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿದಳು, ಮಂಚಗಳನ್ನು ಹತ್ತಿರಕ್ಕೆ ಎಳೆದಳು. ಜಗಳ ಆರುತ್ತಿದೆ ಎನ್ನಿಸಿದಾಗ ತಾನೇ ಒಂದು ಕಡ್ಡಿ ಗೀರುತ್ತಿದ್ದಳು.

"ಸಂದೀಲಿ ನುಗ್ಗೋದ್ರಿಂದ ದಿನಕ್ಕೆ ಎಷ್ಟು ಹೊತ್ತು ಉಳಿಯುತ್ತೆ ನಿಮಗೆ?"

"ಕಾಲು ಗಂಟೆ, ಮೇಡಂ," ಎಂದ ಗುಮಾಸ್ತ ಹೆಮ್ಮೆಯಿಂದ.

"ಉಳಿಸಿ ಏನು ಮಾಡ್ತೀಯ?" ಎಂದರು ಯಜಮಾನರು.

ಗುಮಾಸ್ತ ಯೋಚಿಸಿದ. "ಆಫೀಸಿನ ಬೀಗ ತೆಗೆಯೋದನ್ನ ಕಾಯ್ತೀನಿ."

ಯಜಮಾನರು ನಕ್ಕರು, ಗುಮಾಸ್ತ ಕೆರಳಿದ, ಮಂಡಿ ಎಪ್ಪತ್ತೊಂದಕ್ಕೆ ಬಂತು. ಅವನತ್ತ ಬೆರಳು ಚಾಚಿ ಚಾಚಿ ಯಜಮಾನರ ಮೊಣಕೈಯೂ ತಾನಾಗಿಯೇ ನೆಟ್ಟಗಾಗುತ್ತಿತ್ತು.

ಎಂಬತ್ತನಾಲ್ಕಕ್ಕೆ ಬಂದಾಗ ಎಡವಟ್ಟಾಯಿತು. ಗಡುವಿಗೆ ಇನ್ನು ಎರಡೇ ದಿನ. ಗುಮಾಸ್ತ ಇದ್ದಕ್ಕಿದ್ದಂತೆ ಮೆತ್ತಗಿನ ದನಿಯಲ್ಲಿ ಕೇಳಿದ: "ಅಲ್ಲ ಯಜಮಾನ್ರೇ, ನಡುರಸ್ತೇಲಿ ನೀವು ಬಾಗಿಲು ತೆಗೆದಿದ್ದಾದ್ರೂ ಯಾಕೆ?"

"ಬೈಯೋದಕ್ಕೆ ಕಣಪ್ಪ. ಯಾರೋ ಒಬ್ಬಳು ಅಡ್ಡ ಬಂದಳು, ಗಾಡಿ ನಿಲ್ಲಿಸ್ಬೇಕಾಯ್ತು. ಕೂತಲ್ಲಿಂದ ಬೈದ್ರೆ ಕೇಳಿಸ್ಬೇಕಲ್ಲ."

"ಅಂದ್ರೆ ಅವಳು ಬರದೇ ಇದ್ದಿದ್ರೆ ನೀವು ನಿಲ್ಲಿಸ್ತಾನೇ ಇರ್ಲಿಲ್ಲ."

"ಇಲ್ಲವೇ ಇಲ್ಲ. ನೀನು ನಿನ್ನ ಪಾಡಿಗೆ ಹೋಗಿರ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ಕಣ್ಣಿಟ್ಟು ನೋಡಿದರು, ಕಳೆದುಹೋದ ಅಣ್ಣತಮ್ಮಂದಿರಂತೆ. "ನೋಡಿ, ಅವಳಿಗೆ ಒಂದು ಗೀರೂ ಆಗ್ಲಿಲ್ಲ," ಎಂದ ಗುಮಾಸ್ತ ನೋವಿನಿಂದ.

ಮಣಿಸಮ್ಮನ ಕೈ ನಿಂತಿತು. ಅವಳ ಬಸ್ಸು ನಿಲ್ಲುವುದೇ ಆ ರಸ್ತೆಯ ಆಚೆ ಬದಿಯಲ್ಲಿ, ದಿನವೂ ಅವಳು ಅದನ್ನು ದಾಟಲೇಬೇಕು. "ಅಲ್ಲಿ ಬಿಳಿ ಪಟ್ಟೆ ಇದೆಯಲ್ಲ, ದಾಟೋದಕ್ಕೆ ಅಂತ?" ಎಂದಳು.

"ಪಟ್ಟೆ ಎಳೆದುಬಿಟ್ರೆ ರಸ್ತೇನೇ ಅವಳ ಹೆಸರಿಗೆ ಬರೆದುಕೊಟ್ಟ ಹಾಗಾ?" ಎಂದರು ಯಜಮಾನರು.

"ನಡೆಯೋರಿಗೆ ಅಂಥಾ ಅವಸರ ಏನಿರುತ್ತೆ ಮೇಡಂ? ಅವಸರ ಇರೋರು ನಡೀತಾರಾ?" ಎಂದ ಗುಮಾಸ್ತ ಎದ್ದು ಕುಳಿತು.

ಅಷ್ಟು ವರ್ಷದ ಕೆಲಸದಲ್ಲಿ ಅವಳು ಮೊದಲ ಬಾರಿಗೆ ಚಿಕಿತ್ಸೆಗಾಗಿ ಅಲ್ಲದೆ ಸಿಟ್ಟಿಗಾಗಿ ಒತ್ತಿದಳು. ತೊಂಬತ್ತಮೂರು. ಗುಮಾಸ್ತ ಕಿರುಚಲಿಲ್ಲ, ಕಾಲುನಡಿಗೆಯವರಿಗೆ ಶಿಸ್ತು ಕಲಿಸುವುದು ಹೇಗೆಂದು ಇನ್ನೂ ಹೇಳುತ್ತಲೇ ಇದ್ದ. ಆಪರೇಷನ್ ತಪ್ಪಿತು. ಕೊನೆಯ ದಿನ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟರು. ಅವಳು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಕೆಲಸ ಚೆನ್ನಾಗಿ ಆಗಿತ್ತು ಎಂಬುದನ್ನು ಅವಳೂ ಅಲ್ಲಗಳೆಯುವಂತಿರಲಿಲ್ಲ.

ಮುಂದಿನ ತಿಂಗಳು ಒಂದು ಸಂಜೆ ಅವಳು ಅದೇ ಪಟ್ಟೆಯ ಮೇಲೆ ರಸ್ತೆ ದಾಟುತ್ತಿದ್ದಳು. ಹಸಿರು ದೀಪ ಅವಳ ಕಡೆಗಿತ್ತು. ಕಾರುಗಳು ಎರಡು ಸಾಲಾಗಿ ನಿಂತಿದ್ದವು. ಮೊದಲ ಕಾರು ದಾಟಿ ಎರಡನೆಯದರ ಮುಂದಕ್ಕೆ ಕಾಲಿಡುವಷ್ಟರಲ್ಲಿ ನಡುವಿನ ಸಂದಿಯಿಂದ ಬೈಕೊಂದು ಬಾಣದಂತೆ ಬಂತು. ಬ್ರೇಕು ಕಿರುಗುಟ್ಟಿತು. ಮುಂದಿನ ಚಕ್ರ ಅವಳ ಮಂಡಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಕಣ್ಣು ಕಾಣ್ಸಲ್ವೇನಮ್ಮ?" ಎಂದ ಸವಾರ. ಆಮೇಲೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನೋಡಿದ. ಗುಮಾಸ್ತನ ಮುಖದಲ್ಲಿ ನಿಜವಾದ ಕಳವಳವಿತ್ತು.

"ಅಯ್ಯೋ, ಮೇಡಂ, ನೀವಾ? ಇದೇನು ನಡ್ಕೊಂಡು ಹೋಗ್ತಿದೀರಿ, ಗಾಡಿ ಕೆಟ್ಟಿದೆಯಾ?"