ಶ್ಯಾಂಟಿಲಿಯ ಸನ್ಯಾಸಿ

ಡಾಕ್ಟರ್ ಮುರಳೀಧರ ಬಟ್ಟಲಿನಲ್ಲಿದ್ದ ಬೂದು ಬಣ್ಣದ ತುಂಡನ್ನು ಚಮಚದಿಂದ ತಿವಿದರು. ಅದು ಗಡಗಡ ನಡುಗಿತು.

"ಏನಯ್ಯಾ ಇದು?"

"ಎಳ್ಳಿಂದು ಅಂಕಲ್. ಟೆಂಪಲ್‌ನಲ್ಲಿ ದಿನಾ ನಾನೇ ಎಳ್ಳು ಅರೀತಿದ್ದೆ."

"ಹಾಲುಬಾಯಿ ಮಾಡೋಕೆ ಹೋಗಿ ಬೆಲ್ಲ ಹಾಕೋದು ಮರ್ತಿದ್ದಾರೆ. ಇದಕ್ಕೆ ಜಪಾನಿಗೆ ಹೋಗ್ಬೇಕಿತ್ತಾ?"

ಅವಿನಾಶ್ ನಕ್ಕ. ತಲೆ ನುಣ್ಣಗಿತ್ತು. ಕಾಲೇಜಿನಿಂದ ಒಂದು ಸೆಮಿಸ್ಟರ್ ಓದಿ ಬರುತ್ತೇನೆಂದು ಜಪಾನಿಗೆ ಹೋದವನು, ಬೆಟ್ಟದ ಮೇಲಿನ ಬೌದ್ಧ ದೇವಸ್ಥಾನವೊಂದರಲ್ಲಿ ವರ್ಷವಿಡೀ ಕಸ ಗುಡಿಸಿ, ತರಕಾರಿ ಹೆಚ್ಚಿ ಬಂದಿದ್ದ. ಈಗ ಮತ್ತೆ ಅಲ್ಲಿಗೇ ಹೋಗುತ್ತೇನೆ, ಅಲ್ಲೇ ಇದ್ದುಬಿಡುತ್ತೇನೆ ಎನ್ನುತ್ತಿದ್ದ. ಆದರೆ ಅಮ್ಮ ಒಪ್ಪದೆ ಬರಕೂಡದೆಂದು ಅಲ್ಲಿಯ ಗುರುಗಳು ಹೇಳಿ ಕಳಿಸಿದ್ದರು. ಅಮ್ಮ ಜಾನಕಿ ಗಂಡನನ್ನು ಕಳೆದುಕೊಂಡವಳು. ಇದ್ದವನು ಇವನೊಬ್ಬನೇ ಮಗ. ಅತ್ತೂ ಅತ್ತೂ ಸಾಕಾಗಿ ಮುರಳೀಧರರಿಗೆ ಫೋನ್ ಮಾಡಿದ್ದಳು.

ಅಮೆರಿಕದಲ್ಲಿ ಅವಳಿದ್ದ ಊರು ಶ್ಯಾಂಟಿಲಿಯಿಂದ ಷಾರ್ಲೆಟ್‌ವರೆಗೆ ಯಾವ ಕನ್ನಡದವರ ಮನೆಯ ಮಕ್ಕಳು ದಾರಿ ತಪ್ಪಿದರೂ ಅವರ ಪೇಜರ್ ಕೂಗುತ್ತಿತ್ತು. ಎದೆ ಕೊಯ್ಯುವುದು ಅವರ ಕಸುಬು. ಪ್ರೇಮ ಕೊಯ್ಯುವುದು ಹವ್ಯಾಸ. ಸೋತದ್ದು ಒಂದೇ ಸಲ. ಷಾರ್ಲೆಟ್‌ನ ರಾಜೀವ ಅವರ ಉಪದೇಶವನ್ನೆಲ್ಲ ತಲೆಯಾಡಿಸಿಕೊಂಡು ಕೇಳಿ, ಮುಂದಿನ ಶನಿವಾರವೇ ಚರ್ಚಿನಲ್ಲಿ ಅಮೆರಿಕನ್ ಹುಡುಗಿಯ ಕೈಹಿಡಿದಿದ್ದ. ಆ ಗಾಯ ಇನ್ನೂ ಮಾಗಿರಲಿಲ್ಲ.

ಊಟ ಮುಗಿಯಿತು. ಅವಿನಾಶ್ ತನ್ನ ಬಟ್ಟಲಿಗೆ ಬಿಸಿನೀರು ಹುಯ್ದು, ಉಳಿಸಿಕೊಂಡಿದ್ದ ಮೂಲಂಗಿ ಉಪ್ಪಿನಕಾಯಿಯ ಹೋಳಿನಿಂದ ಒಳಗೆಲ್ಲ ಒರೆಸಿದ. ಹೋಳು ತಿಂದ. ನೀರನ್ನೂ ಕುಡಿದ.

"ಥೂ! ಮುಸುರೆ ಕುಡೀತೀಯಲ್ಲೋ!"

"ಏನೂ ವೇಸ್ಟ್ ಮಾಡ್ಬಾರ್ದು ಅಂಕಲ್."

"ಲೋಕಕ್ಕೆಲ್ಲ ಕಾರು ಮಾರೋ ದೇಶ. ನಿನ್ನ ಗುರುಗೆ ಒಂದು ಡಿಶ್‌ವಾಷರ್‌ಗೆ ಗತಿ ಇಲ್ವೇನು?"

"ಅವರಿಗೆ ವಯಸ್ಸಾಯ್ತು ಅಂಕಲ್. ಗಂಡುಮಕ್ಕಳಿಲ್ಲ. ಅವರಾದ್ಮೇಲೆ ಟೆಂಪಲ್ ನಾನೇ ನೋಡ್ಕೋಬೇಕು."

"ಸನ್ಯಾಸಿಗೆ ಮಕ್ಕಳು ಎಲ್ಲಿಂದ ಬರ್ತಾರಯ್ಯಾ, ಮೂಲಂಗಿ ಥರ ಹಿತ್ತಲಲ್ಲಿ ಬೆಳೀತಾರಾ?"

"ನೋ ಅಂಕಲ್, ಅಲ್ಲಿ—"

ಮುರಳೀಧರ ಕೈ ಎತ್ತಿದರು. ರೋಗಿಗಳಿಗೇ ಮಾತು ಮುಗಿಸಲು ಬಿಟ್ಟವರಲ್ಲ ಅವರು.

"ಹೆಸರೂ ಬಿಡ್ಬೇಕಂತೆ ಡಾಕ್ಟ್ರೇ," ಜಾನಕಿ ಮೂಗು ಒರೆಸಿಕೊಂಡಳು. "ಗುರುಗಳ ಮನೆ ಹೆಸರೇ ಇಟ್ಕೋಬೇಕಂತೆ."

"ಪೂರ್ವಾಶ್ರಮದ ಹೆಸರು ಬಿಡೋದು ಇದ್ದದ್ದೇ. ಅದನ್ನೂ ನಮ್ಮಿಂದಲೇ ಕದ್ದಿದ್ದಾರೆ."

ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೆಡಿಕಲ್ ಸ್ಕೂಲು, ಅಮ್ಮನ ಕಣ್ಣೀರು, ಹಿಮದಲ್ಲಿ ಬರಿಗಾಲು, ಸಪ್ಪೆ ಗಂಜಿ, ಬೋಳು ತಲೆಯ ನಗೆಪಾಟಲು, ಒಂದೂ ಬಿಡಲಿಲ್ಲ. ಎಲ್ಲಕ್ಕೂ ಹುಡುಗ "ಐ ನೋ ಅಂಕಲ್" ಎನ್ನುತ್ತಿದ್ದ, ತಲೆಯಾಡಿಸುತ್ತಿದ್ದ. ಆ ತಲೆಯಾಟ ಮುರಳೀಧರರಿಗೆ ಪರಿಚಯದ್ದಾಗಿತ್ತು. ಇನ್ನೊಂದು ಸೋಲಿನ ಸುದ್ದಿ ಷಾರ್ಲೆಟ್ ಮುಟ್ಟಿದರೆ? ಅವರು ತಟ್ಟನೆ ಮಗ್ಗುಲು ಬದಲಿಸಿದರು.

"ನೋಡಮ್ಮಾ ಜಾನಕಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ಬೆಳಗಿನ ಜಾವ ಏಳ್ತಾನೆ. ಹುಡುಗೀರ ಗಾಳಿ ಸೋಕಿಲ್ಲ. ಆ ರಾಜೀವನ ಥರ ಯಾವಳನ್ನೋ ಕಟ್ಕೊಂಡು ಬಂದಿದ್ರೆ ಏನ್ಮಾಡ್ತಿದ್ದೆ? ಬೇರೆ ದೇಶದ ಸೊಸೆ ಬರೋದಕ್ಕಿಂತ ಮಗ ಸ್ವಾಮಿಯಾಗೋದು ವಾಸಿ ಅಲ್ವಾ?"

ಜಾನಕಿ ಯೋಚಿಸಿದಳು. ಬೇರೆ ದೇಶದ ಸೊಸೆ ಎಂದೊಡನೆ ಅವಳ ಅಳು ನಿಂತಿತ್ತು.

ಅವಿನಾಶ್‌ನ ಕಿವಿ ಕೆಂಪಾಯಿತು. ಬೋಳು ತಲೆಗೆ ಅದು ಎದ್ದು ಕಂಡಿತು. ವೈರಾಗ್ಯದ ಕಾಂತಿ ಎಂದುಕೊಂಡರು ಮುರಳೀಧರ, ತುಸು ಅಸಹ್ಯದಿಂದಲೇ.

"ಅಂಕಲ್, ನಾನು ಒಂದು ಹೇಳ್ಬೇಕು—"

"ಬಾಯಿ ಮುಚ್ಚು. ಮೌನ ಅಂತ ಒಂದನ್ನಾದ್ರೂ ಕಲಿಸಿಲ್ವಾ ನಿನ್ನ ಗುರು?"

ಬಟ್ಟೆಬರೆ ಇಡುವ ಕ್ಲಾಸೆಟ್ಟಿನಲ್ಲಿ ದೇವರ ಪಟಗಳಿದ್ದವು. ಅದರ ಬಾಗಿಲು ತೆರೆಸಿ, ದೀಪ ಹಚ್ಚಿಸಿ, ಜಾನಕಿಯ ಕೈಯನ್ನು ಮಗನ ತಲೆಯ ಮೇಲೆ ಇಡಿಸಿದರು.

"ದೇವರ ಮುಂದೆ ಹೇಳು. ಕೊಟ್ಟ ಮಾತು ಆಮೇಲೆ ತಪ್ಪಬಾರ್ದು."

"ಒಪ್ಪಿದೆ ಕಣೋ," ಎಂದಳು ಜಾನಕಿ. "ಅಲ್ಲೇ ಇರು. ಸುಖವಾಗಿರು."

"ನಾನೂ ಮಾತು ಕೊಡ್ತೀನಿ," ಮುರಳೀಧರ ಎದೆಯುಬ್ಬಿಸಿದರು. "ಷಾರ್ಲೆಟ್‌ನೋರಿಗೆಲ್ಲ ನಾನೇ ಫೋನ್ ಮಾಡಿ ಹೇಳ್ತೀನಿ, ಇದು ನಾನೇ ಮುಂದೆ ನಿಂತು ಮಾಡಿಸಿದ ಕೆಲಸ ಅಂತ."

ಅವಿನಾಶ್ ಇಬ್ಬರ ಕಾಲಿಗೂ ಬಿದ್ದು ಎದ್ದ. ಕಣ್ಣು ತುಂಬಿತ್ತು.

"ಥ್ಯಾಂಕ್ಸ್ ಅಂಕಲ್. ಅಲ್ಲಿ ಸನ್ಯಾಸಿಗಳೂ ಮದುವೆ ಆಗ್ತಾರೆ, ಟೆಂಪಲ್ ಅಳಿಯನಿಗೆ ಕೊಡ್ತಾರೆ. ಅವರ ಮಗಳ ಜೊತೆ ನವೆಂಬರ್‌ನಲ್ಲಿ ನನ್ನ ವೆಡ್ಡಿಂಗ್, ಅಮ್ಮನ್ನ ನೀವೇ ಕರ್ಕೊಂಡು ಬರ್ಬೇಕು."